ಸೋಮವಾರಕ್ಕೊಂದು ಚಮಚ ಉಪ್ಪು

ಪೀಣ್ಯದಲ್ಲಿ ನೀರಿನ ಪಂಪು ತಯಾರಿಸುವ ಕಾರ್ಖಾನೆಯೊಂದರ ಕ್ಯಾಂಟೀನಿಗೆ ದಾನೇಶ್ವರಿ ಹನ್ನೊಂದು ವರ್ಷದಿಂದ ಮುಖ್ಯ ಅಡುಗೆಯವಳು. ಬಾಗಲಕೋಟೆ ಕಡೆಯವಳು. ಕೈಯೂ ಧಾರಾಳ, ನಗುವೂ ಧಾರಾಳ. ಒಮ್ಮೆ ಆಯುಧಪೂಜೆಯಲ್ಲಿ ಮಂತ್ರದ ನಡುವೆ ಪುರೋಹಿತರು ಸೀನಿದ್ದಕ್ಕೆ ನಗು ತಡೆಯಲಾರದೆ ಗೇಟಿನವರೆಗೆ ಓಡಿಹೋದವಳು.

ಅಂಥವಳು ಹೋದ ವರ್ಷ ಅರ್ಧ ದಿನ ನಗದೇ ಇದ್ದಳು. ಕಾರ್ಖಾನೆಯಲ್ಲಿ ಹೃದಯ ತಪಾಸಣೆ ನಡೆದಿತ್ತು. ಇನ್ನೂರು ಜನರಲ್ಲಿ ಎಪ್ಪತ್ತು ಮಂದಿಗೆ ಬಿಪಿ ಏರಿತ್ತು, ಕೆಲವರಿಗೆ ಕೊಲೆಸ್ಟ್ರಾಲೂ ಜಾಸ್ತಿ. ದಾನೇಶ್ವರಿಯ ಬಿಪಿ ನೂರೈವತ್ತೆರಡು.

"ಅಕ್ಕಾ, ಉಪ್ಪು, ಕರಿದಿದ್ದು, ಡಾಲ್ಡಾ ಎಲ್ಲಾ ಕಮ್ಮಿ ಮಾಡ್ಬೇಕು," ಎಂದಳು ಕಾರ್ಖಾನೆಯ ನರ್ಸ್ ಶ್ಯಾಮಲಾ. "ವಾಕಿಂಗ್, ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸ್ಬೇಡಿ. ಸೊಪ್ಪು, ಕಾಳು ಜಾಸ್ತಿ ತಿನ್ನಿ."

"ನಾ ತಿಂತೀನವ್ವ. ಈ ಮಂದಿ ಏನ್ ಮಾಡ್ಬೇಕು? ಇವರ ಹೊಟ್ಟಿಗಿ ಉಪ್ಪು ಹಾಕಾಕಿ ನಾನ ಅಲ್ಲೇನು?"

ಮರುದಿನವೇ ಸಾರಿಗೆ ಉಪ್ಪು ಅರ್ಧಕ್ಕರ್ಧ ಇಳಿಸಿದಳು. ಊಟದ ಹಾಲ್‌ನಲ್ಲಿ ಗಲಾಟೆಯೋ ಗಲಾಟೆ. ಫೋರ್‌ಮನ್ ಆವಲಪ್ಪ ತಟ್ಟೆ ಹಿಡಿದುಕೊಂಡು ಅಡುಗೆಮನೆಗೇ ನುಗ್ಗಿದ. ಪಕ್ಕದ ಹಳ್ಳಿಯ ಗಟ್ಟಿ ಆಳು. ಅವನ ನಾಲಗೆಗೆ ಇಡೀ ಕಾರ್ಖಾನೆ ಹೆದರುತ್ತಿತ್ತು. "ಏನಮ್ಮೋ, ಇದು ಸಾರಾ, ಕೈ ತೊಳ್ಯೋ ನೀರಾ?" ಉಳಿದವರು ಉಪ್ಪಿನಕಾಯಿ ಭರಣಿಗೆ ಮುಗಿಬಿದ್ದು ತಳ ಕೆರೆದರು. ತೆಗೆದ ಉಪ್ಪಿಗಿಂತ ಒಳಗೆ ಹೋದದ್ದೇ ಹೆಚ್ಚಾಯಿತು.

"ಒಂದೇ ಸಲ ಕಿತ್ಕೊಂಡ್ರೆ ಯಾರು ಬಿಡ್ತಾರಕ್ಕಾ? ನಾಲಗೆಗೆ ಗೊತ್ತಾಗ್ದಂಗೆ ಇಳಿಸಿ," ಎಂದಳು ಶ್ಯಾಮಲಾ.

ಇಬ್ಬರೂ ಹೋಗಿ ಮ್ಯಾನೇಜರ ಕಿವಿಗಷ್ಟೇ ವಿಷಯ ಹಾಕಿ ಒಪ್ಪಿಸಿದರು. ಅಂದಿನಿಂದ ಪ್ರತಿ ಸೋಮವಾರ ದೊಡ್ಡ ಪಾತ್ರೆಯ ಉಪ್ಪಿನಲ್ಲಿ ಒಂದು ಚಮಚ ಕಡಿಮೆ. ಆ ಜಾಗಕ್ಕೆ ನಿಂಬೆಹುಳಿ, ಬೆಳ್ಳುಳ್ಳಿ ಒಗ್ಗರಣೆ, ಕೈತುಂಬ ಕೊತ್ತಂಬರಿ. ಡಾಲ್ಡಾ ಡಬ್ಬ ಒಳಬರುವುದು ನಿಂತಿತು. ಸಂಜೆಯ ಬೋಂಡಾ ವಾರಕ್ಕೊಮ್ಮೆಗೆ ಇಳಿದು, ಹೆಸರುಕಾಳಿನ ಉಸಳಿ ಬಂತು. ಅನ್ನದ ಪಕ್ಕ ಜೋಳದ ರೊಟ್ಟಿ, ಮೆಂತ್ಯಸೊಪ್ಪಿನ ಪಲ್ಯ ಕೂತವು.

ಕಷ್ಟವಾದದ್ದು ಒಂದೇ, ಗುಟ್ಟು ಕಾಯುವುದು. ಆವಲಪ್ಪ ಮೊದಲ ತುತ್ತು ಬಾಯಿಗಿಡುವಾಗ ದಾನೇಶ್ವರಿ ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ಹಂಡೆಯ ಹಿಂದೆ ಅಡಗುತ್ತಿದ್ದಳು. ಅವನು ಹುಬ್ಬು ಗಂಟಿಕ್ಕಿದರೆ ಇನ್ನೂ ತಗ್ಗಿ ಕೂರುವಳು. ಅನ್ನ ಕಲಸಿಕೊಂಡರೆ ಹೊಟ್ಟೆಯೊಳಗಿಂದ ನಗು ಬುಳುಬುಳು.

ಹೀಗೆ ಐದು ತಿಂಗಳು. ಒಂದು ದಿನ ಆವಲಪ್ಪ ನೆಂಟರ ಬೀಗರೂಟ ಮುಗಿಸಿಕೊಂಡು ಬಂದವನು ಕ್ಯಾಂಟೀನಿನಲ್ಲಿ ಉಣ್ಣುತ್ತ ಗೊಣಗಿದ. "ಬಾಡಿನ ಸಾರಿಗೆ ಉಪ್ಪು ಸುರ್ದವ್ರೆ ಕಣಮ್ಮ, ಬಾಯಿಗೆ ಇಡಾಕಾಗ್ಲಿಲ್ಲ. ನಿನ್ ಕೈ ಹದ ಯಾರಿಗೂ ಬರಲ್ಲ ಬಿಡು. ಅದೇನ್ ಹಾಕ್ತೀಯೋ!"

ಅಷ್ಟೇ. ದಾನೇಶ್ವರಿಯ ಕೈಯಿಂದ ಸೌಟು ಜಾರಿತು. ನೆಲಕ್ಕೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಹಾಕೂದಿಲ್ರೀ ಅಣ್ಣಾರ... ತಗೀತೀನ್ರೀ! ಸೋಮವಾರಕ್ಕ ಒಂದ್ ಚಮಚಾ!"

ಆವಲಪ್ಪ ತನ್ನ ತಟ್ಟೆ ನೋಡಿದ, ಅವಳನ್ನು ನೋಡಿದ. "ಐದು ತಿಂಗ್ಳು ನಮ್ಗೇ ಟೋಪಿ ಹಾಕ್ದ್ಯಾ?"

"ಹೂನ್ರೀ," ಎಂದಳು, ಬಿಕ್ಕಳಿಸುತ್ತ.

ಆವಲಪ್ಪ ಮೀಸೆ ತಿರುವಿದ. ಆಮೇಲೆ ತಟ್ಟೆ ಮುಂದೆ ಚಾಚಿದ. "ಇನ್ನೊಂದು ಸೌಟು ಬಿಡು."

ಈ ವರ್ಷ ಮತ್ತೆ ತಪಾಸಣೆ ಬಂತು. ಎಲ್ಲರ ಬಿಪಿಯೂ ಇಳಿದಿರಲಿಲ್ಲ; ಲೇತ್ ವಿಭಾಗದ ಮುನೀಂದ್ರ ದಿನಾ ಗೇಟಿನಾಚೆಯ ಬೇಕರಿಯಲ್ಲಿ ಪಫ್ಸು ತಿನ್ನುವುದನ್ನು ಬಿಟ್ಟಿರಲಿಲ್ಲ. ಆದರೆ ಬಹಳ ಮಂದಿಯದು ತಗ್ಗಿತ್ತು. ದಾನೇಶ್ವರಿಯದು ನೂರಮೂವತ್ತನಾಲ್ಕು. ಅವಳು ಶ್ಯಾಮಲಾಳನ್ನು ತಬ್ಬಿ ಕುಣಿದ ರಭಸಕ್ಕೆ ಪಕ್ಕದ ತೂಕದ ಯಂತ್ರ ಉರುಳಿಬಿತ್ತು.

"ಅಕ್ಕಾ, ನಿಲ್ಲಿ! ಮಾತ್ರೆ ಬಿಡೋ ಹಾಗಿಲ್ಲ. ಊಟ, ವಾಕಿಂಗ್, ಮಾತ್ರೆ, ಎಲ್ಲಾ ಸೇರಿ ಇಷ್ಟಾಗಿರೋದು," ಎಂದು ಶ್ಯಾಮಲಾ ಗದರಿದಳು. ಗದರುತ್ತ ತಾನೂ ಕುಣಿಯುತ್ತಿದ್ದಳು.

ಮಧ್ಯಾಹ್ನ ಮ್ಯಾನೇಜರು ಎಲ್ಲರನ್ನೂ ಸೇರಿಸಿ ದಾನೇಶ್ವರಿಯ ಕೈಗೆ ಮೈಕ್ ಕೊಟ್ಟರು. ಮಾತು ಶುರುಮಾಡಬೇಕು, ಎದುರಿಗೆ ಆವಲಪ್ಪ ಗಂಭೀರವಾಗಿ ಕೂತಿದ್ದಾನೆ. ಮುಗಿಯಿತು. ಸ್ಪೀಕರಿನಿಂದ ಕಿಸಕ್ಕನೆ ನಗು ಚಿಮ್ಮಿತು, ಮುಂದಿನ ಸಾಲಿಗೆ ಹತ್ತಿತು, ಕೊನೆಗೆ ಗೇಟಿನ ಸೆಕ್ಯೂರಿಟಿಯವನೂ ಏನೆಂದು ತಿಳಿಯದೆ ನಗತೊಡಗಿದ.

ಉಸಿರು ಸಿಕ್ಕಾಗ ಅವಳು ಹೇಳಿದ್ದು ಒಂದೇ ಮಾತು: "ಊಟಕ್ಕ ಬರ್ರಿ, ಪಲ್ಯಾ ಆರಾಕತ್ತೈತಿ!"