ಎರಡನೇ ಬೇಸ್ ಪಕ್ಕದ ಜಾಗ

ಚೆಂಡು ನನ್ನ ಕಿವಿಯ ಪಕ್ಕದಲ್ಲೇ ಸುಂಯ್ ಎಂದು ಹಾದುಹೋಯಿತು. ಸಿಂಧನೂರಿನ ಮೈದಾನದಲ್ಲಿ ಹುಡುಗಿಯರ ಬೇಸ್‌ಬಾಲ್ ಪಂದ್ಯ. ಸಿಂಧನೂರಿನ ಹುಡುಗಿ ಮೊದಲನೇ ಬೇಸ್‌ನಿಂದ ಎರಡನೆಯದಕ್ಕೆ ಓಡಿಬಂದು ಕಾಲು ಚಾಚಿ ಜಾರಿದಳು. ಮಸ್ಕಿಯ ಹುಡುಗಿ ಚೆಂಡು ಹಿಡಿದು, ಔಟ್ ಮಾಡಲು ಅವಳ ಮೈಗೆ ಮುಟ್ಟಿಸಿದಳು. ಆದರೆ ಆ ಧೂಳಿನೊಳಗೆ ಚೆಂಡು ಗ್ಲೌಸಿನಿಂದ ಜಾರಿ ಬಿದ್ದದ್ದು, ಅವಳು ತಟ್ಟನೆ ಎತ್ತಿಕೊಂಡದ್ದು ನನಗೆ ಕಂಡಿತು.

ಈ ಪಂದ್ಯಕ್ಕೆ ಅಂಪೈರ್ ಆಗಿ ಲಿಂಗಸುಗೂರಿನಿಂದ ಹೋಗಿದ್ದ ನಾನು ಅಸಲಿಗೆ ಕ್ರಿಕೆಟ್ ಅಂಪೈರ್. ರೂಢಿಯಂತೆ ಗೆರೆಯ ಹೊರಗೆ, ದೂರವೇ ನಿಂತಿದ್ದೆ. ಮೊದಲನೇ ಬೇಸ್‌ಗೆ ಆ ಹುಡುಗಿ ಬಂದ ಕೂಡಲೇ, ಬ್ಯಾಟರ್ ಹಿಂದಿದ್ದ ಹಿರಿಯ ಅಂಪೈರ್ ಗದರಿದ್ದರು: "ಬೇಸ್ ಮ್ಯಾಲೆ ಆಟಗಾರ್ತಿ ಬಂದಾಳ, ಇನ್ನೂ ಅಲ್ಯಾಕ ನಿಂತೀರಿ? ಒಳಗ ಬರ್ರಿ, ಎರಡನೇ ಬೇಸ್ ಹತ್ರ!" ಚೆಂಡು ಬಡಿದೀತೆಂದು ಹೆದರುತ್ತಲೇ ಒಳಗೆ ಹೋಗಿದ್ದೆ.

ಚೆಂಡು ಕೈಜಾರಿದರೆ ಔಟಿಲ್ಲ; ಎರಡೂ ಕೈ ಅಗಲಿಸಿ "ಸೇಫ್" ಎಂದೆ. ಬೈಕ್‌ಗಳ ಮೇಲೆ ಕೂತಿದ್ದ ಮಸ್ಕಿಯ ಮಂದಿ ಜಿಗಿದಿಳಿದು, ಬಾಯಿ ಮಾಡುತ್ತ ನನ್ನತ್ತ ನುಗ್ಗಿದರು. ಅಷ್ಟರಲ್ಲಿ ಚೆಂಡು ಹಿಡಿದ ಹುಡುಗಿಯೇ ಅವರಿಗೆ ಅಡ್ಡ ನಿಂತಳು.

"ಚೆಂಡು ನನ್ನ ಕೈಯಾಗಿಂದ ಬಿದ್ದೈತ್ರೀ. ಸರ್ ಇಲ್ಲೇ ನಿಂತು ನೋಡ್ಯಾರ. ಸುಮ್ನ ಹೋಗ್ರಿ."

ಮಂದಿ ಗೊಣಗುತ್ತ ಹಿಂದೆ ಸರಿದರು.

ಮುಂದಿನ ಭಾನುವಾರ ಲಿಂಗಸುಗೂರಿನಲ್ಲಿ ಕ್ರಿಕೆಟ್ ಪಂದ್ಯವಿತ್ತು. ಬ್ಯಾಟ್ಸ್‌ಮನ್ ರನ್ನಿಗೆ ಓಡಿದೊಡನೆ ನನ್ನ ಕಾಲುಗಳು ತಾವಾಗಿಯೇ ಪಿಚ್ ಮಧ್ಯೆ ನುಗ್ಗಿದವು. ಎದುರಿನಿಂದ ಬರುತ್ತಿದ್ದವನು ಚೀರಿದ: "ಸರ್, ಬಾಜೂ ಸರೀರಿ, ನಾ ಔಟಾಗ್ತೀನಿ!"