ಬಾಗಿಲ ಮೇಲಿನ ಅರ್ಧ ಸೂರ್ಯ

ಶಾಂತಕ್ಕ, ನಿಮ್ಮ ಹೆಸರು ಕೆಡಿಸಿದವಳು ನಾನು. ನಿಮ್ಮ ಓಣಿಯವರಲ್ಲ, ನಿಮಗಾಗದವರಲ್ಲ — ನಾನು.

ಎಪ್ಪತ್ತರ ದಶಕದ ಮಾತು. ಗೌಂಡಿ ಕೆಲಸದ ನನ್ನ ಗಂಡ ಸಾರವಾಡದಲ್ಲಿ ನಮ್ಮ ಮನೆ ಕಟ್ಟಿದಾಗ, ಬಾಗಿಲ ಮೇಲೆ ಸಿಮೆಂಟಿನಲ್ಲಿ ಅರ್ಧ ಸೂರ್ಯನನ್ನು ಮೂಡಿಸಿದ. ನೆಟ್ಟನೆಯ ಕಿರಣಗಳು, ಎರಡೂ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪಟ್ಟಿ. "ಇಂಥಾದ್ದು ಯಾರ ಮನಿಗೂ ಇಲ್ಲ ನೋಡ. ನಿನ್ನ ಸಲುವಾಗಿ ಮಾಡೇನಿ" ಅಂದಿದ್ದ. ನಾನು ಉಬ್ಬಿಹೋಗಿದ್ದೆ.

ನನ್ನ ನಾದಿನಿ ವಿಜಾಪುರದಲ್ಲಿ ನಿಮ್ಮ ಹತ್ತಿರ ಹೊಲಿಗೆ ಕಲಿಯುತ್ತಿದ್ದಳಲ್ಲ — ಅವಳ ಜೊತೆ ಒಂದು ದಿನ ಬಂದೆ. ಸ್ಟೇಷನ್ ರಸ್ತೆಯ ಹಿಂದಿನ ಓಣಿ. ನಿಮ್ಮ ಬಾಗಿಲ ಮೇಲೆ ಅದೇ ಸೂರ್ಯ! ಗಂಡನಿಲ್ಲದೆ ಒಬ್ಬರೇ ಇದ್ದವರು ನೀವು. ಒಳಗೆ ಕರೆದು ನೀರು ಕೊಟ್ಟಿರಿ. ಆ ಸೂರ್ಯನನ್ನು ಯಾರು ಮಾಡಿದ್ದೆಂದು ಕೇಳಬಹುದಿತ್ತು. ಕೇಳಲಿಲ್ಲ.

ಆಮೇಲೆ ಗಂಡನ ಅಂಗಿ ಮೂಸಿದೆ. ಬಸ್ಸು ತಪ್ಪಿತೆಂದರೆ ಮುಖ ನೋಡಿದೆ. ಕಿತ್ತ ಗುಂಡಿ ಹೊಲಿಸಿಕೊಂಡು ಬಂದರೆ — ಯಾರು ಹೊಲಿದರೋ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕೊನೆಗೆ ನಿಮ್ಮ ಹತ್ತಿರ ಹೊಲಿಗೆಗೆ ಬರುತ್ತಿದ್ದ ನಮ್ಮೂರ ಹುಡುಗಿಯರ ತಾಯಂದಿರ ಮುಂದೆ ಅಂದೇ ಬಿಟ್ಟೆ: "ನಮ್ಮ ಮನಿ ಸೂರ್ಯ ಆಕೀ ಮನ್ಯಾಗೂ ಮೂಡ್ಯಾನ. ಹೆಣ್ಣಮಕ್ಕಳನ್ನ ಅಲ್ಲಿಗೆ ಕಳಸೂ ಮುಂದ ವಿಚಾರ ಮಾಡ್ರಿ."

ಅಷ್ಟು ಸಾಕಾಯಿತು. ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟರು. ನೀವು ಮಷಿನ್ ಮಾರಿ ತಿಕೋಟಾದ ಅಣ್ಣನ ಮನೆ ಸೇರಿದಿರಿ.

ಮರುವರ್ಷ ಮದುವೆಗೆಂದು ಸೊಲ್ಲಾಪುರಕ್ಕೆ ಹೋದೆ. ಟಾಂಗಾದಲ್ಲಿ ಕೂತು ನೋಡುತ್ತೇನೆ — ಸಿನಿಮಾ ಥೇಟರಿನ ನೆತ್ತಿಗೆ ಅದೇ ಸೂರ್ಯ, ಔಷಧದಂಗಡಿಗೆ ಅದೇ, ಕಬ್ಬಿಣದ ಗೇಟುಗಳಿಗೂ ಅದೇ. "ಹಳೇ ಮುಂಬೈ ನಮೂನಿರಿ ಅದು. ಎಲ್ಲಾ ಗೌಂಡಿಗೋಳೂ ಮಾಡತಾರ" ಅಂದ ಟಾಂಗಾದವ. ಆರ್ಟ್ ಡೆಕೋ ಎಂಬ ಅದರ ಹೆಸರು ಕೇಳಿದ್ದು ತೀರ ಈಚೆಗೆ. ಗಂಡ ಹೇಳಿದ್ದು ಹೆಂಡತಿಯ ಮುಂದಿನ ಸಣ್ಣ ಬಡಾಯಿ, ಅಷ್ಟೆ. ನಾನು ಅದನ್ನು ಹಿಡಿದು ನಿಮ್ಮ ಬದುಕು ಕೆಡಿಸಿದ್ದೆ.

ಊರಿಗೆ ಬಂದು ಆ ತಾಯಂದಿರಿಗೆ ಹೇಳಬೇಕಿತ್ತು. ಹೇಳಿದರೆ ನನ್ನನ್ನು ಏನೆಂದಾರು ಎಂದು — ಸುಮ್ಮನಾದೆ. ನಾಚಿಕೆಯಾಗುತ್ತದೆ ಅಕ್ಕ.

ಮುಂದೊಮ್ಮೆ ತಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ನೀವೇ ಕೂಗಿ ಕರೆದಿರಿ. ಹಬ್ಬಿಸಿದವಳು ನಾನೆಂದು ಗೊತ್ತಾಗಿಯೇ ಕರೆದಿರೇನೋ ಎಂದು ಆಗಲೂ ಸಂಶಯಪಟ್ಟೆ. ನೀವು ಕಣ್ಣೊರೆಸಿಕೊಂಡಿರಿ. "ಯಾರ ಏನ ಹಬ್ಬಿಸಿದ್ರೋ ತಂಗಿ, ಎಲ್ಲಾರೂ ಮಾರಿ ತಿರುವಿದ್ರು. ನೀ ಒಬ್ಬಾಕೀನ ನಿಂತು ಮಾತಾಡಸಾಕತ್ತಿ ನೋಡ" ಎಂದು ನನ್ನ ಕೈ ಹಿಡಿದಿರಿ.

ಬಸ್ಸು ಬರುವತನಕ ಆ ಕೈಯನ್ನು ನಾನು ಬಿಡಿಸಿಕೊಳ್ಳಲಿಲ್ಲ.