ಪಾಠದ ನಡುವೆ ನಿಂತುಬಿಡುವ ಕಂಪ್ಯೂಟರ್

ತೈನಾನ್ ಊರಿನ ಯೂಗುಯಿ ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು. ನಿವೃತ್ತಿಯಾದ ಮೇಲೂ ಬೆರಳು ಸುಮ್ಮನೆ ಕೂರಲಿಲ್ಲ. ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ ಕಾಲೇಜಿನ ಪಾಠವನ್ನು ಮನೆಯಿಂದಲೇ ಕೇಳಿಸಿಕೊಂಡು, ಮೇಷ್ಟ್ರು ಆಡಿದ್ದನ್ನೆಲ್ಲ ಆಗಿಂದಾಗಲೇ ಟೈಪು ಮಾಡುವ ಕೆಲಸ ಹಿಡಿದಳು. ಅವಳು ಒತ್ತಿದ ಅಕ್ಷರ ಅತ್ತ ತರಗತಿಯಲ್ಲಿ ಕೂತ ಪೇಹಾನ್ ಎಂಬ ಹುಡುಗಿಯ ಪರದೆಯಲ್ಲಿ ಮೂಡುತ್ತಿತ್ತು.

ಮೇ ತಿಂಗಳು ಬಂದದ್ದೇ ತಡ, ಪಾಠ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಕಂಪ್ಯೂಟರ್ ಕಲ್ಲಾಗಿ ಕೂರತೊಡಗಿತು. ಏನು ಒತ್ತಿದರೂ ಅಲುಗದು. ಆರಿಸಿ ಮತ್ತೆ ಹಚ್ಚುವಷ್ಟರಲ್ಲಿ ಮೇಷ್ಟ್ರು ಪಾಠದಲ್ಲಿ ಎಲ್ಲಿಗೋ ಹೋಗಿರುತ್ತಿದ್ದರು. ಒಂದು ದಿನ ಫೋನಿಗೆ ಪೇಹಾನಳ ಸಂದೇಶ ಬಂತು: "ಆಂಟಿ, ಎಲ್ಲರೂ ನಗ್ತಿದ್ದಾರೆ. ಮೇಷ್ಟ್ರು ಏನಂದ್ರು?"

ಅವತ್ತೇ ಯೂಗುಯಿ ತಂತಿಗಳನ್ನೆಲ್ಲ ಕಿತ್ತಳು. ಕಂಪ್ಯೂಟರಿನ ಡಬ್ಬವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ರಿಪೇರಿಯ ಝೋಂಗನ ಅಂಗಡಿಗೆ ಹೋದಳು. ಅವನು ಮೆಮೊರಿ ಬದಲಿಸಿದ. ಮನೆಗೆ ತಂದರೆ ಅದೇ ಕಥೆ. ಎರಡನೇ ಸಲ ಎಲ್ಲ ಅಳಿಸಿ ಹೊಸದಾಗಿ ತುಂಬಿಸಿದ. ಮತ್ತೆ ಅದೇ.

"ಇಲ್ಲಿ ದಿನವಿಡೀ ಓಡತ್ತೆ ಅಕ್ಕಾ. ನಿಮ್ಮ ಕೈಗುಣ ಇರಬೇಕು."

"ನನ್ನ ಕೈಗುಣ ಜಡ್ಜುಗಳಿಗೆ ಗೊತ್ತು. ನೀನು ಯಂತ್ರ ನೋಡು."

ಮನೆಯಲ್ಲಿ ಗಂಡ ಹಾಯ್‌ಷೆಂಗನ ಸಲಹೆ ಬೇರೆ: "ದೇವರಿಗೆ ಎರಡು ಊದುಬತ್ತಿ ಜಾಸ್ತಿ ಹಚ್ಚಲೇನೆ?"

"ಹಚ್ಚಿ. ಹಾಗೇ ಟೈಪು ಮಾಡೋಕೂ ಆ ದೇವರಿಗೇ ಹೇಳಿ!"

ಮೂರನೇ ಸಲ ಅಂಗಡಿಯಿಂದ ಅವಳು ಕದಲಲಿಲ್ಲ. ಮೇಜಿನ ಮೇಲೆ ಡಬ್ಬ ಹೊಟ್ಟೆ ತೆರೆದುಕೊಂಡು ಹಾಯಾಗಿ ಓಡುತ್ತಿತ್ತು.

"ಇದರ ಮುಚ್ಚಳ ಎಲ್ಲಯ್ಯಾ?"

"ತೆಗೆದೇ ಓಡಿಸೋದು ಅಕ್ಕಾ, ನೋಡೋಕೆ ಅನುಕೂಲ."

"ಮೂರು ಸಲವೂ?"

"ಮೂರು ಸಲವೂ."

"ನಮ್ಮನೇಲಿ ಮುಚ್ಚಿರತ್ತೋ ಪುಣ್ಯಾತ್ಮ!"

ಝೋಂಗ್ ನಾಲಿಗೆ ಕಚ್ಚಿಕೊಂಡ. "ಹಾಗಾದ್ರೆ ಅದಕ್ಕೆ ಸೆಖೆ ಆಗ್ತಿದೆ ಅಕ್ಕಾ. ಗಾಳಿ ಆಡ್ತಿಲ್ಲ." ಒಳಗಿನ ಫ್ಯಾನಿಗೆ ಗಾಳಿ ಊದಿದ. ಊದುಬತ್ತಿಯ ಬೂದಿ ಅಂಗಡಿ ತುಂಬ ಎದ್ದಿತು.

ಮನೆಗೆ ಬಂದವಳೇ ಡಬ್ಬ ಇಡುವ ಜಾಗಕ್ಕೆ ಬಗ್ಗಿ ನೋಡಿದಳು. ದೇವರ ಪೀಠದ ಕೆಳಗೆ, ಡಬ್ಬದ ಹಿಂದಿನ ಸಂದಿಯಲ್ಲಿ ಗೋಡೆಗೆ ಒತ್ತಿಕೊಂಡು, ಹಿರಿಯರಿಗೆಂದು ಸುಡುವ ಕಾಗದದ ಕಟ್ಟುಗಳು. ಒಂದಲ್ಲ, ಏಳು.

"ಹಿರಿಯರ ಹಬ್ಬಕ್ಕೆ ಅಂತ ಹೋದ ತಿಂಗಳೇ ತಂದಿಟ್ಟೆ," ಎಂದ ಹಾಯ್‌ಷೆಂಗ್. "ಅಲ್ಲಿ ಜಾಗ ಖಾಲಿ ಇತ್ತು."

"ಖಾಲಿ ಬಿಟ್ಟಿದ್ದೇ ಅದು ಉಸಿರಾಡಲಿ ಅಂತ ರೀ! ಒಂದು ತಿಂಗಳು ನನ್ನ ಪ್ರಾಣ ತಿಂದಿರಲ್ಲ!"

ಅವನು ಕಟ್ಟುಗಳನ್ನು ಹೊತ್ತುಕೊಂಡು ಹೋದ.

ಮಂಗಳವಾರದ ಪಾಠ ಪೂರ್ತಿ ಎರಡು ಗಂಟೆ ನಡೆಯಿತು. ಕಂಪ್ಯೂಟರ್ ಒಮ್ಮೆಯೂ ತಡವರಿಸಲಿಲ್ಲ. ಮುಗಿಯುತ್ತಲೇ ಪೇಹಾನ್ ಬರೆದಳು: "ಆಂಟಿ, ಇವತ್ತು ಒಂದು ಮಾತೂ ತಪ್ಪಲಿಲ್ಲ. ಈ ಮೇಷ್ಟ್ರು ಇಷ್ಟು ಬೋರ್ ಹೊಡೆಸ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ನೋಯುವ ಬೆರಳುಗಳನ್ನು ಕೊಡವಿಕೊಂಡು ಯೂಗುಯಿ ಉತ್ತರಿಸಿದಳು: "ನನಗೆ ಮೊದಲ ದಿನವೇ ಗೊತ್ತಾಗಿತ್ತು ಮಗಳೇ."